ಬೀಗ ತೆಗಿಯಣ್ಣಾ

ಸಿನಿಮಾದ ದೆವ್ವಗಳಿಗೆ ದನಿ ಕೊಟ್ಟು ಕೊಟ್ಟು ಅವಳಿಗೆ ಸ್ಟುಡಿಯೋದಲ್ಲಿ 'ದೆವ್ವದಕ್ಕ' ಎಂಬ ಹೆಸರೇ ನಿಂತುಬಿಟ್ಟಿತ್ತು. ನಕ್ಕು ಸುಮ್ಮನಾಗುತ್ತಿದ್ದಳು. ಈ ಸಲ ಮಾತ್ರ ನಗು ಬರಲಿಲ್ಲ. ಹೊಸ ಸಿನಿಮಾದ ಕತೆ ನಡೆಯುವುದು ಅವಳ ತಾಯಿ ಸುಟ್ಟುಹೋದ ನೂಲಿನ ಗಿರಣಿಯ ಜಾಗದಲ್ಲಿ.

"ಬೆಂಕೀಲಿ ಸತ್ತ ಹೆಂಗಸರು ಸೇಡಿಗೆ ಬರ್ತಾರೆ ಅಕ್ಕ," ಎಂದ ನಿರ್ದೇಶಕ. "ಮೊದಲು ನಗು, ಆಮೇಲೆ 'ನಿನ್ನ ರಕ್ತ ಬೇಕು'. ನಿಮ್ಮ ಗಂಟಲಿಗೆ ದೆವ್ವಗಳೂ ಹೊಟ್ಟೆಕಿಚ್ಚು ಪಡಬೇಕು."

"ಅವರು ಹಾಗೆ ಕೂಗಲಿಲ್ಲ ಸರ್."

"ನೀವೇನು ಅಲ್ಲಿದ್ರಾ?"

ಅವಳಿರಲಿಲ್ಲ. ಚಿಕ್ಕಮ್ಮ ಇದ್ದಳು, ಜ್ವರವೆಂದು ಆಗಷ್ಟೇ ಹೊರಗೆ ಕಳಿಸಿದ್ದರಿಂದ ಉಳಿದಿದ್ದಳು. ಹೆಂಗಸರು ನೂಲು ಕದಿಯುತ್ತಾರೆಂದು ಯಜಮಾನ ಹೊರಗಿನಿಂದ ಬೀಗ ಹಾಕಿಸುತ್ತಿದ್ದ. ಬೆಂಕಿ ಹತ್ತಿದಾಗ ಒಳಗಿನವರು ಕಾವಲುಗಾರನನ್ನು ಕೂಗಿದ್ದು ಒಂದೇ ಮಾತು: "ಬೀಗ ತೆಗಿಯಣ್ಣಾ." ಅಪ್ಪಣೆಯಿಲ್ಲದೆ ತೆಗೆಯಲು ಅವನಿಗೆ ಕೈ ಬರಲಿಲ್ಲ. ಯಜಮಾನನಿಗೆ ಹೇಳಿಕಳಿಸಿದ. ಅವನು ಬರುವಷ್ಟರಲ್ಲಿ ಕೂಗು ನಿಂತಿತ್ತು.

ಇದನ್ನೆಲ್ಲ ಅಳೆದು ತೂಗಿ, ಒಂದು ಮಾತೂ ಹೆಚ್ಚಾಗದಂತೆ ಹೇಳಿ, "ಅವರಲ್ಲಿ ನಮ್ಮಮ್ಮನೂ ಇದ್ಲು," ಎಂದಳು.

ನಿರ್ದೇಶಕ ತಲೆ ಕೆರೆದುಕೊಂಡ. "ದೆವ್ವ ಒಳಗೆ ಬರೋಕೆ ಬಾಗಿಲು ಬಡಿಯುತ್ತೆ ಅಕ್ಕ. ಹೊರಗೆ ಹೋಗೋಕೆ ಬಡಿದ್ರೆ ಯಾರು ಹೆದರ್ತಾರೆ?"

"ಒಂದ್ಸಲ ಕೇಳಿ."

ಮೈಕಿನ ಮುಂದೆ ಅವಳು ದನಿ ಬದಲಿಸಲಿಲ್ಲ. ದಿನಾ ನೋಡುವವನನ್ನು ಕರೆಯುವ ಹಾಗೆ, ಇನ್ನೇನು ತೆಗೆದೇ ತೆಗೆಯುತ್ತಾನೆಂಬ ನಂಬಿಕೆಯಲ್ಲಿ ಕರೆದಳು. ನಿರ್ದೇಶಕ ತೋಳು ಸವರಿಕೊಂಡ.

"ಇದೇ ಇರ್ಲಿ. ಒಂದಕ್ಷರ ಬದಲಾಗಲ್ಲ. ನನ್ನ ಮಾತು."

ಮಾತು ತಪ್ಪಲಿಲ್ಲ ಪುಣ್ಯಾತ್ಮ.

ಸಿನಿಮಾ ಬಂದಾಗ ಚಿಕ್ಕಮ್ಮನನ್ನೂ ಕರೆದುಕೊಂಡು ಹೋದಳು. ತೆರೆಯ ಮೇಲೆ ಗಿರಣಿಯ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿತ್ತು. ಒಳಗೆ ನಾಯಕ, ಅವನ ಬಸುರಿ ಹೆಂಡತಿ. ಮುಂಬಾಗಿಲ ಹೊರಗೆ ಸುಟ್ಟ ಮುಖದ ಹೆಂಗಸು. "ಬೀಗ ತೆಗಿಯಣ್ಣಾ." ಅಕ್ಷರ ಬದಲಾಗಿರಲಿಲ್ಲ, ಒಳಗಿದ್ದವಳನ್ನು ಹೊರಗೆ ನಿಲ್ಲಿಸಿದ್ದರು, ಅಷ್ಟೇ. ನಾಯಕನ ಕೈ ಬೀಗದ ಕಡೆ ಹೋಯಿತು.

"ತೆಗೀಬೇಡ!" ಹಿಂದಿನ ಸಾಲಿನಿಂದ ಯಾರೋ ಕೂಗಿದರು. "ತೆಗೀಬೇಡ್ವೋ!" ಮಕ್ಕಳು ಕಿರುಚಿದರು. ನೋಡನೋಡುತ್ತ ಇಡೀ ಥಿಯೇಟರ್ ದನಿಗೂಡಿಸಿತು. ನಾಯಕ ಕೈ ಹಿಂದೆಗೆದ. ಚಪ್ಪಾಳೆ ಬಿತ್ತು.

ಅವಳು ಚಿಕ್ಕಮ್ಮನ ಕೈ ಹಿಡಿದೆಳೆದಳು. "ಏಳು ಚಿಕ್ಕಮ್ಮ, ಹೋಗೋಣ."

"ಕೂತ್ಕೊಳೇ." ಚಿಕ್ಕಮ್ಮ ತೆರೆ ಬಿಟ್ಟು ಜನರನ್ನೇ ನೋಡುತ್ತಿದ್ದಳು. "ಅವತ್ತೂ ಹೊರಗೆ ಇಷ್ಟೇ ಜನ ನಿಂತಿದ್ರು. ಇವರಿಗೆ ಬಾಯಾದ್ರೂ ಇದೆ."