ಎರಡನೇ ಪುಟ

ಅಚ್ಚಿನ ಮಷೀನು ತಟ್ಟನೆ ನಿಂತಿತು. ಕರೆಂಟು ಹೋಯಿತೇನೋ ಎಂದು ತಿದ್ದಕ್ಕ ತಲೆಯೆತ್ತಿದಳು. ಟ್ಯೂಬ್‌ಲೈಟು ಉರಿಯುತ್ತಲೇ ಇತ್ತು. ಗಾಜಿನ ಗೋಡೆಯ ಆಚೆ ಅವಳ ಮೈದುನ ಒಂದು ಕೈಯನ್ನು ಕೆಂಪು ಗುಂಡಿಯ ಮೇಲೆ ಇಟ್ಟುಕೊಂಡೇ ಇನ್ನೊಂದು ಕೈಯಲ್ಲಿದ್ದ ಮೊಬೈಲನ್ನು ಓದುತ್ತಿದ್ದ. ಓದಿ ಮುಗಿಸಿ, ನಂಬಿಕೆಯಾಗದವನಂತೆ ಮತ್ತೆ ಮೊದಲಿನಿಂದ ಓದಿದ. ಆಮೇಲೆ ಬಾಗಿಲ ತನಕ ನಡೆದುಹೋಗಿ ಹೊರಗೆ ಉಗಿದು ಬಂದ.

"ಕಿತ್ತು ಹಾಕಿದ್ರು ಅತ್ತಿಗೆ," ಎಂದ. "ಮೇಷ್ಟ್ರನ್ನ ಕಿತ್ತು ಹಾಕಿದ್ರು."

ಊರಿನ ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರನ್ನು ಆಟಗಾರರೂ ಊರಿನವರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ತಂಡ ಸಾಲಾಗಿ ಆರು ಪಂದ್ಯ ಸೋತಿತ್ತು ನಿಜ. ಆದರೆ ಸೀಸನ್ನು ಇನ್ನೂ ಅರ್ಧ ಉಳಿದಿತ್ತು. ಆ ಗುರುವಾರ ಬೆಳಿಗ್ಗೆ ಮಷೀನಿನ ಮೇಲಿದ್ದದ್ದು ಶನಿವಾರದ ಪಂದ್ಯಕ್ಕೆ ಗ್ಯಾಲರಿಯಲ್ಲಿ ಹಂಚುವ ಹದಿನಾರು ಪುಟದ ಪುಸ್ತಕ. ಅದರ ಎರಡನೇ ಪುಟದಲ್ಲಿ, ಪ್ರತಿ ಪಂದ್ಯದಲ್ಲೂ ಇರುವಂತೆ, ಮೇಷ್ಟ್ರ ಫೋಟೋ ಮತ್ತು ಅದರ ಕೆಳಗೆ ಮೇಷ್ಟ್ರ ಮಾತು.

ಮೈದುನನನ್ನು ಎಲ್ಲರೂ ಗಂಟಲು ಎನ್ನುತ್ತಿದ್ದರು. ಪೂರ್ವದ ಗ್ಯಾಲರಿಯಲ್ಲಿ ಘೋಷಣೆ ಹುಟ್ಟುವುದೇ ಅವನ ಬಾಯಿಂದ. ಅವಳಿಗೆ ತಿದ್ದಕ್ಕ ಎಂಬ ಹೆಸರು ಬಂದದ್ದು ಇಪ್ಪತ್ತು ವರ್ಷ ಈ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿ ತಿದ್ದಿ. ಯಾರ ಮನೆಯ ಆಮಂತ್ರಣ ಪತ್ರ ಬಂದರೂ ಹೋಗಬೇಕೋ ಬೇಡವೋ ಎಂದು ಯೋಚಿಸುವ ಮೊದಲು ಅದರಲ್ಲಿ ಎರಡು ತಪ್ಪು ಹುಡುಕಿರುತ್ತಾಳೆ ಎಂದು ಗಂಡ ನಗುತ್ತಿದ್ದ.

ಗಂಟಲು ಕ್ಲಬ್ಬಿನ ಪ್ರಕಟಣೆಯನ್ನು ಗಟ್ಟಿಯಾಗಿ ಓದಿದ. "'ಪರಸ್ಪರ ಒಪ್ಪಿಗೆಯ ಮೇರೆಗೆ ಬೇರ್ಪಡಲು ನಿರ್ಧರಿಸಲಾಗಿದೆ. ಮೂರು ವರ್ಷಗಳ ಸೇವೆಗೆ ಕೃತಜ್ಞತೆಗಳು.' ಥೂ! ಪರಸ್ಪರ ಅಂತೆ, ಪರಸ್ಪರ. ಕತ್ತು ಹಿಡಿದು ಆಚೆ ದಬ್ಬೋವಾಗ ಕತ್ತಿನ ಒಪ್ಪಿಗೆಯನ್ನೂ ಕೇಳಿದ್ರಂತೆ."

"ಮೂರಲ್ಲ, ನಾಲ್ಕು," ಎಂದಳು ತಿದ್ದಕ್ಕ. ಅವಳ ಬಾಯಿಗೆ ಮೊದಲು ಬಂದದ್ದು ಅದೇ.

"ಅದನ್ನೂ ತಪ್ಪು ಬರೆದಿದ್ದಾರಾ? ನೋಡಿ, ಎಂಥ ಜನ!"

"ಹೋದ ಶನಿವಾರ ನೀನೇ 'ಮನೆಗೆ ಹೋಗು ಮುದುಕಪ್ಪ' ಅಂತ ಕೂಗಿಸಿದ್ಯಲ್ಲೋ. ಇಡೀ ಗ್ಯಾಲರಿ ನಿನ್ನ ಹಿಂದೆ ಕೂಗ್ತು."

ಗಂಟಲು ಮೊಬೈಲನ್ನು ಜೇಬಿಗೆ ಹಾಕಿಕೊಂಡ. "ಅದು ಬೇರೆ ಅತ್ತಿಗೆ. ನಮ್ಮ ಮನೆಯವರನ್ನ ನಾವು ಬೈತೀವಿ. ಹಾಗಂತ ಪಕ್ಕದ ಮನೆಯವರು ಬಂದು ಎತ್ಕೊಂಡು ಹೋಗ್ತಾರಾ?"

ಅವಳು ಅಚ್ಚಾಗಿದ್ದ ಶೀಟುಗಳ ಹತ್ತಿರ ಹೋದಳು. ಮಸಿ ಇನ್ನೂ ಹಸಿಯಾಗಿತ್ತು. ಮೇಲಿನ ಶೀಟಿನಲ್ಲಿ ಮೇಷ್ಟ್ರು ಎಂದಿನಂತೆ ಕ್ಯಾಮರಾದ ಕಡೆ ನೋಡದೆ ಎಲ್ಲೋ ಪಕ್ಕಕ್ಕೆ ನೋಡುತ್ತಿದ್ದರು.

ಫೋಟೋದ ಕೆಳಗಿನ ಆ ಮಾತುಗಳನ್ನು ಬರೆಯುತ್ತಿದ್ದವಳು ಅವಳೇ. ಇದು ಪ್ರೆಸ್ಸಿನವರಿಗೂ ಕ್ಲಬ್ಬಿನ ಕಚೇರಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಮೊದಲ ವರ್ಷ ಮೇಷ್ಟ್ರು ಕಳಿಸಿದ್ದ ಮೂರೇ ಸಾಲನ್ನು ತಿದ್ದಲು ಫೋನು ಮಾಡಿದಾಗ ಅವರು, "ನೀವೇ ಏನಾದ್ರೂ ಸೇರಿಸಿ, ನನಗೆ ಬರಲ್ಲ" ಎಂದಿದ್ದರು. ಅಲ್ಲಿಂದ ಪಂದ್ಯವಿರುವ ವಾರದ ಬುಧವಾರ ಹತ್ತು ಗಂಟೆಗೆ ಅವರ ಫೋನು. ಹತ್ತು ನಿಮಿಷದಲ್ಲಿ ಆರು ನಿಮಿಷ ಬರೀ ಉಸಿರು. ಮೊದಮೊದಲು ಲೈನು ಕಟ್ಟಾಯಿತೆಂದು ಅವಳು "ಹಲೋ, ಹಲೋ" ಎನ್ನುತ್ತಿದ್ದಳು. ಆಮೇಲೆ ಕಾಯುವುದನ್ನು ಕಲಿತಳು. ಒಂದು ಮೌನ ಸೋಲಿನದು, ಇನ್ನೊಂದು ಯಾರನ್ನೋ ಬೈಯಲಾರದ್ದು, ಮತ್ತೊಂದು ಬರಿದೇ ದಣಿವು. ಗಂಡನ ಮೌನವನ್ನೂ ಅವಳು ಅಷ್ಟು ಗಮನವಿಟ್ಟು ಕೇಳಿದವಳಲ್ಲ. ಅದರಿಂದಲೇ ವಾಕ್ಯಗಳನ್ನು ಕಟ್ಟುತ್ತಿದ್ದಳು. ಓದಿ ಹೇಳಿದರೆ ಅವರು, "ಹೌದು, ಅದೇ" ಎನ್ನುತ್ತಿದ್ದರು.

ನಿನ್ನೆಯ ಬುಧವಾರವೂ ಫೋನು ಬಂದಿತ್ತು. ತಂಡದಲ್ಲಿ ಎಡಬದಿಯಲ್ಲಿ ಆಡುವವನು ತಾಯಿಯನ್ನು ಮಣ್ಣು ಮಾಡಿ ವಾಪಸು ಬಂದಿದ್ದ. "ಬಟ್ಟೆ ಬದಲಾಯಿಸೋ ಕೋಣೇಲಿ ಒಬ್ಬನೇ ಕೂತಿದ್ದ," ಎಂದರು ಮೇಷ್ಟ್ರು. "ಬಾಗಿಲ ತನಕ ಹೋದೆ. ಏನು ಹೇಳಬೇಕೋ ಗೊತ್ತಾಗಲಿಲ್ಲ. ತಿರುಗಿ ಬಂದುಬಿಟ್ಟೆ." ಆಮೇಲೆ ಅವಳು ಇದುವರೆಗೆ ಕೇಳಿರದಷ್ಟು ಉದ್ದದ ಮೌನ. "ಅದನ್ನ ಸ್ವಲ್ಪ ಬರೀರಿ. ಅವನು ಓದಲಿ."

ಅವಳು ಬರೆದಿದ್ದಳು: "ತಾಯಿಯನ್ನು ಕಳಿಸಿಕೊಟ್ಟು ಬಂದ ಮಗನೊಬ್ಬ ಈ ವಾರ ನಮ್ಮೊಡನೆ ಮೈದಾನಕ್ಕೆ ಇಳಿಯುತ್ತಿದ್ದಾನೆ. ನಾಲ್ಕು ವರ್ಷದ ಹಿಂದೆ ಆಕೆಯೇ ಅವನನ್ನು ನಮ್ಮ ಗೇಟಿನ ತನಕ ಕರೆತಂದಿದ್ದರು. ಅವನ ಬೂಟು ಆಕೆಯ ಕೈಚೀಲದಲ್ಲಿತ್ತು. ಅವನಿಗೆ ಏನು ಹೇಳಬೇಕೋ ನನಗೆ ತಿಳಿಯದು. ತಿಳಿಯದು ಎನ್ನುವುದನ್ನಾದರೂ ಹೇಳಬೇಕು."

ಕೈಚೀಲದ ವಿಷಯ ಮೇಷ್ಟ್ರು ಹೇಳಿದ್ದು. ಕೊನೆಯ ವಾಕ್ಯ ಅವರದೋ ತನ್ನದೋ ಅವಳಿಗೇ ಈಗ ನೆನಪಿರಲಿಲ್ಲ.

ಹನ್ನೊಂದೂವರೆಗೆ ಕ್ಲಬ್ಬಿನ ಪ್ರಚಾರಾಧಿಕಾರಿ ಬಂದ. ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ಪೆನ್‌ಡ್ರೈವು. ಪ್ರೆಸ್ಸಿನ ಯಜಮಾನರು ತಾವೇ ಎದ್ದು ಅವನಿಗೆ ಕುರ್ಚಿ ಎಳೆದರು.

"ಹೊಸ ಮ್ಯಾನೇಜರ ಫೋಟೋ ಇದರಲ್ಲಿದೆ. ಹೆಸರು ಇದೆ. ಎರಡನೇ ಪುಟ ಬದಲಾಯಿಸಿ ಮತ್ತೆ ಪ್ರಿಂಟ್ ಹಾಕಿ."

"ಅವರ ಮಾತು?" ಎಂದಳು ತಿದ್ದಕ್ಕ.

"ಅವರಿನ್ನೂ ವಿಮಾನದಲ್ಲಿದ್ದಾರೆ ಮೇಡಂ. ಮಾತು ಇರೋದೇ ಇರಲಿ. ನಾಲ್ಕು ವರ್ಷ ಗೀಲ್ಕು ವರ್ಷ ಅಂತ ಇದ್ರೆ ಅದನ್ನ ತೆಗೆದುಬಿಡಿ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಮೇಷ್ಟ್ರ ಮಾತನ್ನೇ ಹೊಸಬರ ಫೋಟೋದ ಕೆಳಗೆ ಹಾಕಬೇಕಂತೆ ಎಂದು ಅರ್ಥವಾದ ಮೇಲೆ ಒಂದು ಹೆಜ್ಜೆ ಮುಂದೆ ಬಂದಳು. "ಒಂದು ಗಂಟೆ ಕೊಡಿ. ಅವರಿಗೆ ಅಂತಲೇ ಬೇರೆ ಬರೆದುಕೊಡ್ತೀನಿ. ನಮಸ್ಕಾರ, ಬಂದಿದ್ದು ಸಂತೋಷ, ಅಂತ."

"ಹೊಸದು ಬರೆದ್ರೆ ಅಧ್ಯಕ್ಷರ ಸಹಿ ಬೇಕು. ಅವರು ವಿಮಾನ ನಿಲ್ದಾಣಕ್ಕೆ ಹೋಗಿದ್ದಾರೆ. ಇದಕ್ಕಾದ್ರೆ ನಿನ್ನೆ ಸಂಜೆ ಐದಕ್ಕೇ ಸಹಿ ಆಗಿದೆ."

"ಮೇಷ್ಟ್ರಿಗೆ ಎಷ್ಟು ಗಂಟೆಗೆ ಹೇಳಿದ್ರಿ?"

ಅವನು ಗುರುತಿನ ಚೀಟಿಯನ್ನು ತಿರುಗಿಸಿ ನೋಡಿಕೊಂಡ. "ನಿನ್ನೆ ರಾತ್ರಿ ಏಳಕ್ಕೆ."

ಬಾಗಿಲಲ್ಲಿ ನಿಂತಿದ್ದ ಗಂಟಲು ನಕ್ಕ. "ಎರಡಕ್ಕೂ ಸಹಿ ಒಂದೇ ಪೆನ್ನಲ್ಲಾ ಸಾರ್? ಇಲ್ಲ, ಇದಕ್ಕೊಂದು ಅದಕ್ಕೊಂದಾ?"

"ನೀನು ಸುಮ್ಮನಿರಪ್ಪ," ಎಂದರು ಯಜಮಾನರು. ಆಮೇಲೆ ಅವಳ ಕಡೆ ತಿರುಗಿ ದನಿ ತಗ್ಗಿಸಿದರು. "ನೋಡಮ್ಮ, ಕ್ಲಬ್ಬು ಅವರದು, ಪುಟ ಅವರದು. ನಾವು ಅಚ್ಚು ಹಾಕೋರು."

"ಇದು ಮೇಷ್ಟ್ರ ಮಾತು ಸಾರ್. ಅವರು ಆಡಿದ್ದು."

ಪ್ರಚಾರಾಧಿಕಾರಿಗೆ ಕೋಪ ಬಂದಂತೆ ಕಾಣಲಿಲ್ಲ. "ಮೇಡಂ, ತಪ್ಪು ತಿಳ್ಕೋಬೇಡಿ. ಬರೆದಿದ್ದು ನೀವು. ಮೇಲೆ ಅವರ ಫೋಟೋ ಇತ್ತು, ಅವರ ಮಾತಾಯ್ತು. ಈಗ ಇವರ ಫೋಟೋ."

ನಾಲ್ಕು ವರ್ಷ ಒಂದು ಸುಳ್ಳನ್ನು ಅಷ್ಟು ಪ್ರೀತಿಯಿಂದ ಮಾಡಿದ್ದಳು. ಈಗ ಅದೇ ಸುಳ್ಳು ಬೇರೆಯವನ ಬಾಯಲ್ಲಿ ಎಷ್ಟು ಹೇಸಿಗೆ ಕಾಣುತ್ತಿತ್ತು!

ರದ್ದಿ ಕಟ್ಟುಗಳನ್ನು ಪೇರಿಸಿಟ್ಟಿದ್ದ ಹಿಂದಿನ ಮೆಟ್ಟಿಲಿಗೆ ಹೋಗಿ ಅವಳು ಮೇಷ್ಟ್ರಿಗೆ ಫೋನು ಮಾಡಿದಳು. ಇಷ್ಟು ವರ್ಷದಲ್ಲಿ ತಾನಾಗಿ ಮಾಡಿದ್ದು ಎರಡನೇ ಸಲ.

"ಇವತ್ತು ಗುರುವಾರ ಅಲ್ವಾ?" ಎಂದರು ಅವರು.

"ಹೌದು ಮೇಷ್ಟ್ರೇ." ಆಗಿದ್ದನ್ನು ಹೇಳಿದಳು. ಮುಚ್ಚಿಡಲಿಲ್ಲ. ನೀವು ಒಂದು ಮಾತು ಬೇಡ ಎಂದರೆ ಈ ಪುಟಕ್ಕೆ ನಾನು ಕೈ ಹಚ್ಚುವುದಿಲ್ಲ, ಯಜಮಾನರು ಏನಾದರೂ ಮಾಡಿಕೊಳ್ಳಲಿ, ಎಂದೂ ಹೇಳಿದಳು.

ಆ ಕಡೆ ಎಲ್ಲೋ ನಲ್ಲಿ ಸುರಿಯುತ್ತಿತ್ತು. ಅದು ನಿಂತಿತು.

"ಆ ಹುಡುಗನ ವಿಷಯ ಇದೆಯಾ ಅದರಲ್ಲಿ?"

"ಇದೆ. ನಿಮ್ಮ ಹೆಸರು ಇರಲ್ಲ."

"ಅವನಿಗೆ ತಲುಪುತ್ತಲ್ಲ?"

"ಬೇರೆಯವರಿಂದ ತಲುಪುತ್ತೆ ಮೇಷ್ಟ್ರೇ. ನೀವೇ ಫೋನ್ ಮಾಡಿ ಎರಡು ಮಾತು ಹೇಳಬಹುದಲ್ಲ?"

ಉಸಿರು. ಅವಳು ಕಾದಳು. ಈ ಮೌನ ಅವಳ ಪಟ್ಟಿಯಲ್ಲಿ ಇರಲಿಲ್ಲ.

"ಹಾಗೆ ಹೇಳೋಕೆ ಬಂದಿದ್ರೆ ನಿಮಗ್ಯಾಕೆ ಹೇಳ್ತಿದ್ದೆ?" ಎಂದರು ಮೇಷ್ಟ್ರು. "ತೆಗೀಬೇಡಿ. ಯಾರದ್ದೋ ಹೆಸರಲ್ಲಿ ಹೋಗ್ಲಿ. ಅವನಿಗೆ ಯಾರಾದ್ರೂ ಹೇಳಲೇಬೇಕಲ್ಲ." ಫೋನು ಇಡುವ ಮುಂಚೆ, "ನಿಮಗೂ ತೊಂದರೆ ಆಯ್ತು," ಎಂದರು.

ಒಳಗೆ ಬಂದು ಪ್ರೂಫನ್ನು ಮೇಜಿನ ಮೇಲೆ ಹರಡಿ ಕೆಂಪು ಪೆನ್ನು ತೆಗೆದುಕೊಂಡಳು. ಗೇಟು, ಕೈಚೀಲ, ಬೂಟು ಇದ್ದ ಎರಡು ವಾಕ್ಯಗಳ ಮೇಲೆ ಗೆರೆ ಎಳೆದು, ಅಂಚಿನಲ್ಲಿ ತೆಗೆಯುವ ಗುರುತು ಹಾಕಿದಳು. ಇನ್ನೂ ಬಂದಿಳಿಯದ ಮನುಷ್ಯನಿಗೆ ಆ ಕೈಚೀಲ ಹೇಗೆ ಗೊತ್ತಿರಬೇಕು? ಉಳಿದ ವಾಕ್ಯಗಳನ್ನು ಸೇರಿಸಿ ಓದಿದಳು. ಹೊಲಿಗೆ ಕಾಣಲಿಲ್ಲ. ಇಷ್ಟೇ ಅಲ್ಲ, ಮೊದಲಿಗಿಂತ ಬಿಗಿಯಾಗಿ, ಚೆನ್ನಾಗಿಯೇ ಆಗಿತ್ತು. ಅದು ತನಗೆ ಗೊತ್ತಾದುದಕ್ಕೆ, ಗೊತ್ತಾಗಿ ಒಂದು ಕ್ಷಣ ತೃಪ್ತಿಯಾದುದಕ್ಕೆ, ಅವಳು ಎದ್ದು ಹೋಗಿ ಕೈ ತೊಳೆದುಕೊಂಡಳು. ಕೈಗೆ ಮಸಿ ಹತ್ತಿರಲಿಲ್ಲ.

ಗಂಟಲು ಹೊಸ ಪ್ರೂಫ್ ಓದಿ ಅವಳ ಮುಖ ನೋಡಿದ. "ನೀವೂನಾ ಅತ್ತಿಗೆ?"

"ಮೇಷ್ಟ್ರೇ ಹಾಕಿ ಅಂದ್ರು."

"ಅವರು ಅಂತಾರೆ. ಅವರಿಗೆ ಬೆನ್ನುಮೂಳೆ ಒಂದು ಇದ್ದಿದ್ರೆ ನಾವು ಆರು ಮ್ಯಾಚ್ ಸೋಲ್ತಿರಲಿಲ್ಲ." ಹಾಗೆಂದವನೇ ತುಟಿ ಕಚ್ಚಿಕೊಂಡ. ಹೊಸ ಪುಟದ ಪ್ಲೇಟನ್ನು ಮಷೀನಿನ ಸಿಲಿಂಡರಿಗೆ ಬಿಗಿಯುತ್ತಾ, "ಶನಿವಾರ ಈ ಗಂಟಲಿಂದ ಒಂದು ಸದ್ದು ಹೊರಟರೆ ನನ್ನ ಹೆಸರು ಬದಲಾಯಿಸಿ," ಎಂದ.

ಅಂದು ಸಂಜೆ ಬಸ್ ಓಡಿಸಿ ಬಂದ ಗಂಡ, ಊರೆಲ್ಲ ಅದೇ ಮಾತು ಎಂದ. ಟಿಕೆಟ್ ತೆಗೆದುಕೊಳ್ಳುವುದನ್ನೂ ಮರೆತು ಜನ ಅಧ್ಯಕ್ಷರಿಗೆ ಶಾಪ ಹಾಕುತ್ತಿದ್ದರಂತೆ. ಶನಿವಾರ ಆಟ ಶುರುವಾದ ಮೇಲೆ ಹತ್ತು ನಿಮಿಷ ಪೂರ್ವದ ಗ್ಯಾಲರಿ ಪೂರ್ತಿ ಮೈದಾನಕ್ಕೆ ಬೆನ್ನು ಹಾಕಿ ನಿಲ್ಲಬೇಕೆಂದು ತೀರ್ಮಾನವಾಗಿತ್ತು.

ಶನಿವಾರ ಬಿಸಿಲಿತ್ತು. ಆಟ ಶುರುವಾಗಲು ಕಾಲು ಗಂಟೆ ಇರುವಾಗ, ಪೂರ್ವದ ಗ್ಯಾಲರಿಯಲ್ಲಿ ಅವಳ ಮುಂದಿನ ಸಾಲಿನಲ್ಲಿ ಯಾವಾಗಲೂ ಕೂರುವ ಟೈಲರು ಪುಸ್ತಕ ಬಿಡಿಸಿ ಹೆಂಡತಿಗೆ ಓದಿ ಹೇಳಿದ. ಓದಿ, ಕನ್ನಡಕ ತೆಗೆದು ಒರೆಸಿಕೊಂಡ.

"ನೋಡು, ಹೊಸಬ. ನಿನ್ನೆ ಮೊನ್ನೆ ಬಂದವನು. ಆ ಹುಡುಗನ ತಾಯಿ ಹೋಗಿದ್ದನ್ನ ಎಷ್ಟು ಚೆನ್ನಾಗಿ ಹೇಳಿದ್ದಾನೆ. ಮನುಷ್ಯತ್ವ ಅಂದ್ರೆ ಇದು. ಮೇಷ್ಟ್ರು ಒಂದು ದಿನ ಹೀಗೆ ಬಾಯಿ ಬಿಟ್ಟಿದ್ರೇನು?"

"ಮೇಷ್ಟ್ರಿಗೆ ಮೂತಿ ಊದಿಸ್ಕೊಂಡು ನಿಲ್ಲೋದು ಬಿಟ್ರೆ ಏನು ಬರ್ತಿತ್ತು?" ಎಂದಳು ಹೆಂಡತಿ.

ತಿದ್ದಕ್ಕ ಬಾಯಿ ತೆರೆದಳು. ಏನೆಂದು ಹೇಳುವುದು? ಪಕ್ಕದಲ್ಲಿ ಗಂಟಲು ಎರಡೂ ಕೈಯಿಂದ ಮೊಣಕಾಲನ್ನು ಒತ್ತಿ ಹಿಡಿದು ಕೂತಿದ್ದ.

ಸೀಟಿ ಊದಿದ ಕೂಡಲೇ ಸಾವಿರಾರು ಜನ ಎದ್ದು ಬೆನ್ನು ತಿರುಗಿಸಿದರು. ಮುಂದೆ ಗ್ಯಾಲರಿಯ ಸಿಮೆಂಟು ಗೋಡೆ, ಸುಣ್ಣ ಎದ್ದಿತ್ತು. ಹಿಂದೆ ಚೆಂಡಿನ ಸದ್ದು. ಎಲ್ಲರೂ ಗೋಡೆಯನ್ನು ನೋಡುತ್ತಾ ಕಿವಿಯಿಂದ ಆಟ ಆಡಿದರು. ಏಳನೇ ನಿಮಿಷಕ್ಕೆ ಎದುರಿನ ಗ್ಯಾಲರಿ ಸ್ಫೋಟಿಸಿತು. ಪೂರ್ವದ ಗ್ಯಾಲರಿ ಒಂದೇ ಏಟಿಗೆ ಗಿರ್ರನೆ ತಿರುಗಿತು. ಚೆಂಡು ಆಗಲೇ ಎದುರಾಳಿಯ ಬಲೆಯೊಳಗೆ ಬಿದ್ದಿತ್ತು.

"ಯಾರು ಹೊಡೆದಿದ್ದು? ಯಾರು?"

"ಮೊದಲು ತಿರುಗಿದವನು ನೀನೇ! ಇನ್ನೂ ಮೂರು ನಿಮಿಷ ಇತ್ತು!"

"ನೀನು ಗೋಡೆ ನೋಡ್ತಾನೇ ಇದ್ಯಾ? ನಾನು ತಿರುಗಿದ್ದು ನಿನಗೆ ಹೇಗೆ ಕಾಣ್ತು?"

ಆ ಗದ್ದಲದ ಮೇಲೆ ಒಂದು ದನಿ ಎದ್ದಿತು, ಹೊಸ ಮ್ಯಾನೇಜರನ ಹೆಸರನ್ನು ಎರಡಾಗಿ ಮುರಿದು, ಮಧ್ಯೆ ಚಪ್ಪಾಳೆ ಸೇರಿಸಿ. ಅವಳು ಪಕ್ಕಕ್ಕೆ ನೋಡಲಿಲ್ಲ. ಎರಡನೇ ಸಲಕ್ಕೆ ಗ್ಯಾಲರಿ ಪೂರ್ತಿ ಅದನ್ನು ಎತ್ತಿಕೊಂಡಿತು. ಮೂರನೇ ಸಲಕ್ಕೆ ಅವಳ ಕೈಗಳು ಸರಿಯಾದ ಜಾಗದಲ್ಲಿ ತಟ್ಟುತ್ತಿದ್ದವು.

ಆ ಒಂದು ಗೋಲಿನಿಂದಲೇ ತಂಡ ಗೆದ್ದಿತು. ಕೊನೆಯ ಸೀಟಿಯಾದ ಮೇಲೂ ಜನ ಕದಲಲಿಲ್ಲ. ಮೈದಾನದ ಅಂಚಿನಲ್ಲಿ ಹೊಸ ಮ್ಯಾನೇಜರು ಹೊರಬರುತ್ತಿದ್ದ ಆಟಗಾರರಿಗೆ ಸಾಲಾಗಿ ಕೈ ಕುಲುಕುತ್ತಿದ್ದ. ಎಡಬದಿಯವನು ಕೊನೆಯಲ್ಲಿ ಬಂದ. ಉಳಿದವರಂತೆ ಕೈ ಕೊಟ್ಟು ಮುಂದೆ ಹೋಗದೆ, ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ಏನೋ ಹೇಳಿದ. ಸಣ್ಣ ಮಾತಲ್ಲ, ಸ್ವಲ್ಪ ಹೊತ್ತು ಹಿಡಿಯಿತು.

ಹೊಸ ಮ್ಯಾನೇಜರು ನಗುತ್ತಾ ತಲೆಯಾಡಿಸಿ, ಬೆನ್ನು ತಟ್ಟಿ, ಇನ್ನೂ ಬಿಡದ ಕೈಯನ್ನು ನೋಡಿ, ಏನೆಂದು ತಿಳಿಯದೆ ಪ್ರಚಾರಾಧಿಕಾರಿಯ ಕಡೆ ತಿರುಗಿದ. ಪ್ರಚಾರಾಧಿಕಾರಿ ಹತ್ತಿರ ಬಂದು ಅವನ ಕಿವಿಯಲ್ಲಿ ಏನೋ ಉಸುರಿದ. ಹೊಸ ಮ್ಯಾನೇಜರ ಮುಖದಿಂದ ನಗು ಮೆಲ್ಲಗೆ ಇಳಿಯಿತು. ಆಮೇಲೆ ಅವನು ಎಡಬದಿಯವನ ಹೆಗಲ ಮೇಲೆ ಇನ್ನೊಮ್ಮೆ ಕೈಯಿಟ್ಟ, ಈ ಸಲ ನಿಧಾನವಾಗಿ. ಕ್ಯಾಮರಾದವನು ಸುತ್ತು ಹಾಕಿ ಎದುರಿಗೆ ಬಂದು ನಿಲ್ಲುವ ತನಕ ಅದನ್ನು ತೆಗೆಯಲಿಲ್ಲ.