ಫೋಟೋಗೆಂದು ತಂದ ಕುರ್ಚಿ

ಆದಿವಾಸಿ ಹೆಂಗಸರು ಬೆತ್ತದ ಕುರ್ಚಿ ಹೆಣೆಯುವ ಶೆಡ್ಡಿನ ಒಡತಿ ಪಟ್ಟಣದ ಕಂಪನಿಯೊಂದರ ದೊಡ್ಡ ಆರ್ಡರಿಗೆ ಕಾದಿದ್ದಳು. ಸಿಗದಿದ್ದರೆ ಶೆಡ್ಡಿಗೆ ಬೀಗವೇ ಗತಿ. ಕಂಪನಿಯ ಖರೀದಿ ಮ್ಯಾನೇಜರ್ ಬಂದವನು ಒಂದೇ ಒಂದು ಕುರ್ಚಿ ಕೊಂಡು, ಅವಳ ಪಕ್ಕ ಹಲ್ಲು ಕಿರಿದು ಫೋಟೋ ತೆಗೆಸಿಕೊಂಡ.

"ನಿಮ್ಮಂಥವರನ್ನ ಮೇಲೆತ್ತೋದು ನಮ್ಮ ಧರ್ಮ ಅಕ್ಕ."

"ಎತ್ತೋದು ಆಮೇಲೆ ಸಾರ್, ಮೊದ್ಲು ಕೂತು ನೋಡಿ."

ಅವನು ಕೂರಲಿಲ್ಲ. ಕುರ್ಚಿಯನ್ನು ಆಫೀಸಿನ ಬಾಗಿಲ ಬಳಿ ಅಲಂಕಾರಕ್ಕಿಟ್ಟ. ಬೆನ್ನುನೋವಿನ ದೊಡ್ಡ ಸಾಹೇಬರು ಸುಸ್ತಾಗಿ ಅದರಲ್ಲಿ ಕೂತರು. ಊಟದ ಹೊತ್ತಾದರೂ ಏಳಲಿಲ್ಲ. ಮರುದಿನ ಅದಕ್ಕಾಗಿ ಅಕೌಂಟ್ಸಿನವರೂ ಸೇಲ್ಸಿನವರೂ ಕಿತ್ತಾಡಿದರು.

ಮ್ಯಾನೇಜರ್ ಶೆಡ್ಡಿಗೆ ಓಡಿಬಂದ. "ಅಕ್ಕ, ಇಡೀ ಆಫೀಸಿಗೆ ಬೇಕು! ಎಲ್ಲಾ ಬ್ರಾಂಚಿಗೂ ಬೇಕು!"

"ನಮ್ಮನ್ನ ಎತ್ತೋಕಾ ಸಾರ್?"

"ಅಯ್ಯೋ, ನಮ್ಮ ಸಾಹೇಬ್ರನ್ನ ಕೂರ್ಸೋಕೆ!"

ಒಡತಿ ಕುರ್ಚಿಯೊಂದನ್ನು ಎಳೆದು ಹಾಕಿದಳು. "ಹಾಗಿದ್ರೆ ಈಗ್ಲಾದ್ರೂ ಕೂತ್ಕೊಳ್ಳಿ, ರೇಟು ಮಾತಾಡೋಣ."