ಹಿತ್ತಾಳೆಯ ನಟ್ಟು

ಮನೆ, ಅಂಗಡಿ, ಕಾರ್ಖಾನೆಗಳ ವೈರಿಂಗ್ ಪರೀಕ್ಷಿಸಿ ಸಹಿ ಹಾಕುವ ಆತನನ್ನು ಎಲ್ಲರೂ ಮೀಟರ್ ಮಾವ ಎಂದೇ ಕರೆಯುತ್ತಿದ್ದರು. ಯಾರ ಮಾತನ್ನೂ ಸುಲಭಕ್ಕೆ ನಂಬುವ ಆಸಾಮಿಯಲ್ಲ. ಸಾರಿಗೆ ಉಪ್ಪು ಹಾಕಿದ್ದೇನೆ ಎಂದು ಹೆಂಡತಿ ಹೇಳಿದರೂ ಒಂದು ತೊಟ್ಟು ನಾಲಿಗೆಗೆ ಹಚ್ಚಿಯೇ ತೀರಬೇಕು. ಅರ್ತ್ ವೈರ್ ಬಿಚ್ಚಿ ಕಟ್ಟಿದ ಮೇಲೆ ಇನ್ನೊಮ್ಮೆ ಮೀಟರ್ ಹಿಡಿಯದೆ ಜಾಗ ಬಿಟ್ಟು ಕದಲಬಾರದು ಎಂದು ಜೊತೆಯವರ ತಲೆ ತಿನ್ನುತ್ತಿದ್ದ.

ಅಂಥವನಿಗೆ ಲಾಂಡ್ರಿಯ ಮಾಲೀಕ ಬೆಳಗ್ಗೆ ಫೋನ್ ಮಾಡಿದ್ದ. ಹಿಂದಿನ ದಿನ ದೊಡ್ಡ ವಾಷಿಂಗ್ ಮಷಿನ್ ಮುಟ್ಟಿದ ಕೆಲಸದಾಕೆ ನಿಂತಲ್ಲೇ ಸತ್ತಿದ್ದಳು. ಸಾವಿನ ತನಿಖೆಗೆ ಮಧ್ಯಾಹ್ನ ಇನ್‌ಸ್ಪೆಕ್ಟರ್ ಬರುವವರಿದ್ದರು. ಒದ್ದೆ ಕೈಯಲ್ಲಿ ಮುಟ್ಟಿದ್ದು ಅವಳದೇ ತಪ್ಪು, ವೈರಿಂಗ್ ಸರಿಯಿದೆ ಎಂದು ಬರೆದುಕೊಡಿ, ಆರು ತಿಂಗಳ ಹಿಂದೆ ಪಾಸ್ ಮಾಡಿದವರು ನೀವೇ ತಾನೆ ಎಂದು ಆತ ನಯವಾಗಿ ಹೇಳಿದ. ಮಾವನಿಗೆ ಮೈಯೆಲ್ಲ ಉರಿಯಿತು. ಲಾಂಡ್ರಿಯಲ್ಲಿ ಒಣಗಿದ ಕೈ ಯಾರದಿರುತ್ತದೆ? ಬ್ಯಾಗು, ಮೀಟರ್ ಹಿಡಿದು ಲಾಂಡ್ರಿಗೆ ಬಂದ.

ಮಷಿನ್‌ನ ಮೋಟರ್ ಸುಟ್ಟು, ಕರೆಂಟ್ ಅದರ ಕಬ್ಬಿಣದ ಮೈಗೆ ಹರಿದಿತ್ತು. ಹಾಗಾದಾಗ ಕರೆಂಟ್ ಅರ್ತ್ ವೈರಿನ ದಾರಿ ಹಿಡಿದು ಓಡಬೇಕು, ಆ ರಭಸಕ್ಕೆ ಫ್ಯೂಸ್ ಹಾರಬೇಕು. ಫ್ಯೂಸ್ ಹಾರಿರಲಿಲ್ಲ. ಮಷಿನ್‌ನಿಂದ ಮುಖ್ಯ ಬೋರ್ಡಿನ ತನಕ ಅರ್ತ್ ವೈರ್ ಎಲ್ಲೂ ತುಂಡಾಗಿಲ್ಲ ಎಂದು ಮೀಟರ್ ತೋರಿಸಿತು. ಮೋಟರನ್ನು ಬೇರ್ಪಡಿಸಿ, ಅರ್ತ್ ದಾರಿಯ ಇಡೀ ಸುತ್ತನ್ನು ಓಮ್ ಲೆಕ್ಕದಲ್ಲಿ ಅಳೆಯುವ ಲೂಪ್ ಟೆಸ್ಟ್ ಮಾಡಿದಾಗ ಮಾತ್ರ ಅಂಕಿ ಮಿತಿ ದಾಟಿ ಹೋಯಿತು. ಅಂದರೆ ದಾರಿ ಬೋರ್ಡಿನಾಚೆ ಎಲ್ಲೋ ಕಡಿದಿತ್ತು.

ಮೇನ್ ಆಫ್ ಮಾಡಿ ಬೋರ್ಡಿನ ಮುಚ್ಚಳ ತೆಗೆದ. ಹೊರಗಿನಿಂದ ಬರುವ ದಪ್ಪ ಹಸಿರು ವೈರ್ ಬೋಲ್ಟಿನ ಮೇಲೆ ಅಚ್ಚುಕಟ್ಟಾಗಿ ಕೂತಂತೆ ಕಂಡಿತು. ಬೆರಳು ತಾಗಿಸಿದ್ದೇ ತಡ, ಕಳಚಿ ಬಿತ್ತು. ಬೋಲ್ಟಿಗೆ ನಟ್ಟೇ ಇರಲಿಲ್ಲ.

ಮಾವನಿಗೆ ನೆನಪಾಯಿತು. ಆರು ತಿಂಗಳ ಹಿಂದೆ, ಲೂಪ್ ಟೆಸ್ಟ್ ಎಲ್ಲ ಮುಗಿದ ಮೇಲೆ, ನೆಲದಲ್ಲಿ ಹೂತ ಅರ್ತ್ ಸರಳನ್ನು ಅಳೆಯಲು ಇದೇ ವೈರ್ ಬಿಚ್ಚಿದ್ದ. ಅಳೆದು, ವೈರನ್ನು ಬೋಲ್ಟಿಗೆ ಸಿಕ್ಕಿಸುವಷ್ಟರಲ್ಲಿ ಫೋನ್ ಬಂದಿತ್ತು. ಮಗಳಿಗೆ ಹೆರಿಗೆಯಾಗಿತ್ತು. ಮುಚ್ಚಳ ಹಾಕಿದವನೇ ಆಸ್ಪತ್ರೆಗೆ ಓಡಿದ್ದ.

ಮರುದಿನ ಬಟ್ಟೆ ಒಗೆಯುವಾಗ ಹೆಂಡತಿಗೆ ಅವನ ಜೇಬಿನಲ್ಲಿ ಒಂದು ಹಿತ್ತಾಳೆ ನಟ್ಟು ಸಿಕ್ಕಿತ್ತು. ತಾತ ಆದ ಖುಷಿಯಲ್ಲಿ ಯಾರದನ್ನು ಕದ್ದು ತಂದಿರಿ ಎಂದು ಅವಳು ಕೆಣಕಿದ್ದಳು. ನಕ್ಕು, ಅದನ್ನು ಬ್ಯಾಗಿನ ಡಬ್ಬಿಗೆ ಹಾಕಿಕೊಂಡಿದ್ದ.

ಈಗ ಆ ಡಬ್ಬಿ ಕೆದಕಿದ. ನಟ್ಟು ಅಲ್ಲೇ ಇತ್ತು. ಬೋಲ್ಟಿಗೆ ಇಟ್ಟು ತಿರುಗಿಸಿದರೆ ಸಲೀಸಾಗಿ ಕೂತಿತು. ಮೇನ್ ಹಾಕಿ ಮತ್ತೆ ಲೂಪ್ ಟೆಸ್ಟ್ ಮಾಡಿದ, ಬರೀ ಅರ್ಧ ಓಮ್, ಮಿತಿಯೊಳಗೇ ಇತ್ತು. ಮುಚ್ಚಳ ಹಾಕಿದರೆ ಕೆಲಸ ಮುಗಿಯಿತು, ಯಾರಿಗೂ ಸುಳಿವು ಸಿಗುವುದಿಲ್ಲ. ನಾಚಿಕೆಗೇಡಿನ ಮಾತು, ಅವನಿಗೆ ಒಂದು ಕ್ಷಣ ಹಾಯೆನಿಸಿತು.

ಬಾಗಿಲಲ್ಲಿ ಸತ್ತವಳ ಮಗಳು ನಿಂತಿದ್ದಳು. ಅದೇ ಲಾಂಡ್ರಿಯಲ್ಲಿ ಬಟ್ಟೆ ಮಡಚುವ ಹುಡುಗಿ, ಅತ್ತು ಕಣ್ಣು ಊದಿಸಿಕೊಂಡಿದ್ದಳು.

"ಅಮ್ಮ ಕೈ ಒರೆಸ್ಕೊಂಡಿದ್ರೆ ಬದುಕ್ತಿದ್ಲು ಅಂತಾರೆ. ಹೌದಾ ಸಾರ್?"

ಹೌದೆಂದರೆ ಸಾಕಿತ್ತು. ಮಾವ ತಿರುಗಿ ಮೇನ್ ಆಫ್ ಮಾಡಿದ. ನಟ್ಟು ಕೂತಷ್ಟೇ ಸಲೀಸಾಗಿ ಬಿಚ್ಚಿಬಂತು, ವೈರ್ ಮತ್ತೆ ಕಳಚಿತು. ನಟ್ಟನ್ನು ಅಂಗೈಯಲ್ಲಿಟ್ಟು ಅವಳ ಮುಂದೆ ಚಾಚಿದ.

"ನಿಮ್ಮಮ್ಮಂದು ಏನೂ ತಪ್ಪಿಲ್ಲ ಕಣಮ್ಮ. ಇದು ಇಲ್ಲಿರಬೇಕಿತ್ತು. ಆರು ತಿಂಗಳ ಹಿಂದೆ ನಾನು ಬಿಚ್ಚಿದ್ದು, ಹಾಕೋದು ಮರೆತೆ, ಇನ್ನೊಮ್ಮೆ ಮೀಟರ್ ಹಿಡಿದೂ ನೋಡ್ಲಿಲ್ಲ. ಇಷ್ಟು ದಿನ ನನ್ನ ಹತ್ರಾನೇ ಇತ್ತು. ಇನ್‌ಸ್ಪೆಕ್ಟರ್ ಬಂದ ಮೇಲೆ ಅವರಿಗೂ ಹೀಗೇ ಹೇಳ್ತೀನಿ."

ಹುಡುಗಿ ನಟ್ಟನ್ನೇ ನೋಡುತ್ತಿದ್ದಳು.

"ಆವತ್ತು ಇನ್ನೊಂದ್ಸಲ ಮೀಟರ್ ಹಿಡಿದಿದ್ರೆ ಗೊತ್ತಾಗ್ತಿತ್ತಾ?"

"ಗೊತ್ತಾಗ್ತಿತ್ತು."

"ಎಷ್ಟೊತ್ತು ಬೇಕಿತ್ತು?"

"ಎರಡು ನಿಮಿಷ."

ಅವಳು ಗೋಡೆಗೊರಗಿ ನೆಲದ ಮೇಲೆ ಕೂತಳು. ಇನ್‌ಸ್ಪೆಕ್ಟರ್ ಬರುವ ತನಕ ಮಾವ ಚಾಚಿದ ಕೈ ಮಡಚದೆ ಹಾಗೇ ನಿಂತಿದ್ದ.